ಬೇಸ್‌ಮೆಂಟ್ ಷಡ್ಡಕ

ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಮನೆ ಕೊಂಡ ನಮ್ಮವರಲ್ಲಿ ಒಂದು ಪಂಗಡ ಉಂಟು. ಊಟಕ್ಕೆ ಕರೆಯುತ್ತಾರೆ, ಆದರೆ ಎಲೆಯ ಮುಂದೆ ಕೂರಿಸುವ ಮೊದಲು ಬೇಸ್‌ಮೆಂಟಿಗೆ ಇಳಿಸುತ್ತಾರೆ. ಸಾಲದ ಕಂತಿಗೆಂದು ಬೇಸ್‌ಮೆಂಟ್ ಬಾಡಿಗೆಗೆ ಕೊಡುವವರು ಅಲ್ಲಿ ಬೇಕಾದಷ್ಟು. ಪರ್ಮಿಟ್ ತೆಗೆಸಿ, ಇನ್‌ಸ್ಪೆಕ್ಟರನನ್ನು ಕರೆಸಿ, ನಗರಸಭೆಯಲ್ಲಿ ನೋಂದಾಯಿಸಿ ಕೊಡುವವನ ಗತ್ತೇ ಬೇರೆ. ನನ್ನ ಷಡ್ಡಕ ಈ ಪಂಗಡದ ಪೀಠಾಧಿಪತಿ.

ಮದುವೆಯ ವಾರ್ಷಿಕೋತ್ಸವ ಮರೆಯುತ್ತಾನೆ. ಪ್ಲಂಬಿಂಗ್ ಇನ್‌ಸ್ಪೆಕ್ಷನ್ ಆದ ತಾರೀಖು ಬಾಯಿಪಾಠ. ಗೋಡೆ ತಟ್ಟಿ “ಮೂವತ್ತು ನಿಮಿಷ ಬೆಂಕಿ ತಡೆಯುತ್ತೆ ಭಾವ” ಎನ್ನುತ್ತಾನೆ. ಛಾವಣಿ 1.95 ಮೀಟರ್ ಇದೆಯೆಂದು ಅಳೆದು ತೋರಿಸುತ್ತಾನೆ. ಅತ್ತ ಹುಳಿ ಆರುತ್ತಿರುತ್ತದೆ.

ಇದೆಲ್ಲ ಸಹಿಸಬಹುದು. ಕಿಟಕಿ ಸಹಿಸಲಾರೆ.

ಬೆಂಕಿ ಬಿದ್ದರೆ ತಪ್ಪಿಸಿಕೊಳ್ಳಲು ಒಂದು ಕಿಟಕಿ ಬೇಕು. ತೆರೆದಾಗ 0.35 ಚದರ ಮೀಟರ್ ಜಾಗ ಸಿಗಬೇಕು, ಉದ್ದವಾಗಲಿ ಅಗಲವಾಗಲಿ 380 ಮಿಲಿಮೀಟರಿಗೆ ಕಡಿಮೆ ಇರಕೂಡದು. ಇದಕ್ಕಾಗಿ ಷಡ್ಡಕ ಅಡಿಪಾಯದ ಕಾಂಕ್ರೀಟನ್ನೇ ಕೊಯ್ಯಿಸಿದ. ಗಣೇಶನ ಹಬ್ಬದ ದಿನ, ನಾನು ರೇಷ್ಮೆ ಪಂಚೆಯಲ್ಲಿದ್ದಾಗ, “ಭಾವ, ಒಂಚೂರು ಹೊರಗೆ ಹೋಗಿ ನೋಡಿ” ಎಂದ.

“ಮೆಟ್ಟಿಲ ಕಡೆಯಿಂದ ತಾನೇ?”

“ಅಲ್ಲ, ಹೀಗೆ.”

ತಲೆ ಹೋಯಿತು, ತೋಳು ಹೋಯಿತು, ಮೂರು ದಶಕದ ಮುದ್ದೆ ಉಳಿಯಿತು. ಕಿಟಕಿ ಮುಂದಿನ ಗುಂಡಿಯಿಂದ ತಲೆ ಎತ್ತಿದರೆ, ಪಕ್ಕದ ಮನೆಯ ಪಂಜಾಬಿ ಅಜ್ಜಿ ಟೊಮೆಟೊ ಗಿಡಕ್ಕೆ ನೀರು ಹಾಕುತ್ತಿದ್ದಾರೆ. “ಸತ್ ಶ್ರೀ ಅಕಾಲ್” ಎಂದರು. ನಾನೂ ಕೈ ಮುಗಿದೆ; ಆಗ ಆಡುತ್ತಿದ್ದುದು ಕೈ ಮಾತ್ರ. ಒಳಗೆ ಟೇಪು ಎಳೆದ ಸದ್ದು. “ಕಿಟಕಿ ಸರಿಯಾಗೇ ಇದೆ ಭಾವ.”

ಆ ರಾತ್ರಿ ನಾದಿನಿ ಹೇಳಿದಳು: ಬಂದ ಹೊಸದರಲ್ಲಿ ಅವನಿದ್ದದ್ದು ಯಾರದೋ ಬೇಸ್‌ಮೆಂಟಿನಲ್ಲಿ, ಫರ್ನೇಸಿನ ಪಕ್ಕ. ಕಿಟಕಿಯೆಂದರೆ ಅಂಚೆಡಬ್ಬಿಯ ಬಾಯಿಯಷ್ಟು. ಹೊರಹೋಗಲು ಮಾಲೀಕರ ಅಡುಗೆಮನೆಯೊಂದೇ ದಾರಿ, ಅದಕ್ಕೂ ರಾತ್ರಿ ಚಿಲಕ. ಆ ಚಳಿಗಾಲವೆಲ್ಲ ಶೂ ಹಾಕಿಕೊಂಡೇ ಮಲಗುತ್ತಿದ್ದನಂತೆ. ಇಂಥದ್ದನ್ನು ಮೊದಲೇ ಹೇಳಬಾರದೆ? ನೆಮ್ಮದಿಯಾಗಿ ಬೈಯುವುದಕ್ಕೂ ಇಲ್ಲದಂತೆ ಮಾಡಿಬಿಟ್ಟಳು.

ಈಗ ಕೆಳಗೆ ದಾವಣಗೆರೆಯ ಹುಡುಗನೊಬ್ಬ ಓದಿಕೊಂಡಿದ್ದಾನೆ. ಹೊಗೆ ಅಲಾರಂಗಳನ್ನೆಲ್ಲ ಒಂದಕ್ಕೊಂದು ಜೋಡಿಸಿರುವುದರಿಂದ, ಮೇಲೆ ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆಗೆ ಬಿದ್ದರೆ ಕೆಳಗೂ ಬಡಿದುಕೊಳ್ಳುತ್ತದೆ. ಮೊದಲ ಸಲ ಆ ಸಣಕಲ ಸಲೀಸಾಗಿ ಕಿಟಕಿಯಿಂದ ಹಾರಿದ. ಷಡ್ಡಕನಿಗೆ ಆದ ಆನಂದ ಅಷ್ಟಿಷ್ಟಲ್ಲ. ಈಗೀಗ ಅಲಾರಂ ಹೊಡೆದರೆ ಹುಡುಗ ತಟ್ಟೆ ಹಿಡಿದು ಮೇಲೆ ಬರುತ್ತಾನೆ.

ಮೊನ್ನೆ ಫೋನು. “2022ರ ಕಾಯ್ದೆ ಪ್ರಕಾರ ಒಂದೇ ಸೈಟಿನಲ್ಲಿ ಮೂರು ಮನೆ ಮಾಡಬಹುದು ಭಾವ. ಹಿತ್ತಲಲ್ಲೊಂದು ಏಳಿಸ್ತೀನಿ. ಗೃಹಪ್ರವೇಶಕ್ಕೆ ಬರಲೇಬೇಕು.”

ಬರುತ್ತೇನೆ, ಪ್ರವೇಶ ಬಾಗಿಲಿನಿಂದಲೇ ಆಗುವುದಾದರೆ ಎಂದಿದ್ದೇನೆ.