ನಿಮಗೆ ಗೊತ್ತಿಲ್ಲದ ನಿಮ್ಮ ವಿಮೆ

ಸಾಲ ಬೇಕೆಂದರೆ ಜಾಮೀನು ಕೇಳುತ್ತಾರೆ. ರೇಷನ್ ಬೇಕೆಂದರೆ ಹೆಬ್ಬೆಟ್ಟು ಕೇಳುತ್ತಾರೆ. ಸಿಮ್ ಬೇಕೆಂದರೆ ಮುಖವನ್ನೇ ಕೇಳುತ್ತಾರೆ. ಈ ದೇಶದಲ್ಲಿ ಏನನ್ನೂ ಕೇಳದೆ, ಬೇಡ ಅನ್ನುವುದಕ್ಕೂ ಬಿಡದೆ ಕೊಡುವುದು ವಿಮೆಯೊಂದನ್ನೇ.

ಮುಂಬೈಯ ಪರೇಲಿನಲ್ಲಿ ಕೆಇಎಂ ಆಸ್ಪತ್ರೆಯ ಹತ್ತಿರ ಒಂದು ಉಡುಪಿ ಹೋಟೆಲಿದೆ. ಅಡುಗೆಯ ಭಟ್ರು ಕುಂದಾಪುರದ ಕಡೆಯವರು. ಜೂನ್ ಮೊದಲ ವಾರ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬಂದು ಅದನ್ನು ಗಲ್ಲೆಯ ಮೇಲೆ ಬಿಡಿಸಿಟ್ಟರು. ಮೇ ಕೊನೆಯ ವಾರದ ಎರಡು ಸಾಲು: ಒಂದರಲ್ಲಿ 436 ರೂಪಾಯಿ, ಇನ್ನೊಂದರಲ್ಲಿ 20. ಪಕ್ಕದಲ್ಲಿ ಕಾಗುಣಿತವೇ ಇಲ್ಲದ ಏಳೆಂಟು ಇಂಗ್ಲಿಷ್ ಅಕ್ಷರ. ಭಟ್ರ ಹಿಟ್ಟಿನ ಬೆರಳು ಅಲ್ಲೇ ನಿಂತಿತು.

‘ಇದೆಂತದು ಮಾರಾಯ್ರೆ?’

‘ಪ್ರಧಾನಮಂತ್ರಿ ವಿಮೆ ಭಟ್ರೆ. ನೀವು ಸತ್ತರೆ ಎರಡು ಲಕ್ಷ’ ಎಂದರು ಗಲ್ಲೆಯಲ್ಲಿದ್ದವರು.

‘ನಾನು ಸಾಯ್ತೇನೆ ಅಂತ ಬ್ಯಾಂಕಿನವರಿಗೆ ಹೇಳಿದ್ದು ಯಾರು?’

ಯಾರೂ ಹೇಳಬೇಕಿಲ್ಲ. ಜೀವನ ಜ್ಯೋತಿ, ಸುರಕ್ಷಾ ಎಂಬ ಈ ಜೋಡಿ ವಿಮೆ ಶುರುವಾದದ್ದು 2015ರ ಮೇ 9ರಂದು. ಆಗ ವರ್ಷಕ್ಕೆ 330 ಮತ್ತು 12 ರೂಪಾಯಿ. 2022ರ ಜೂನ್ 1ರಿಂದ 436 ಮತ್ತು 20. ಏರಿಸುವಾಗ ಮತ್ತೊಮ್ಮೆ ಕೇಳಿದರೇ? ಬೇಕಾಗಲಿಲ್ಲ. ‘ಕಾಲಕಾಲಕ್ಕೆ ನಿಗದಿಯಾಗುವ ಮೊತ್ತ’ಕ್ಕೂ ನನ್ನ ಒಪ್ಪಿಗೆ ಇದೆ ಎಂಬ ಸಾಲು ಅರ್ಜಿಯಲ್ಲೇ ಕೂತಿತ್ತು. ಖಾತೆ ತೆರೆಯುವಾಗ ಪೆನ್ಸಿಲ್ ಗುರುತು ಹಾಕಿ ‘ಇಲ್ಲಿ, ಇಲ್ಲಿ, ಇಲ್ಲಿ’ ಎಂದು ಸಹಿ ಹಾಕಿಸಿಕೊಂಡ ಕಂತೆಯಲ್ಲಿ ಆ ಅರ್ಜಿ ಇತ್ತೋ ಇಲ್ಲವೋ, ಭಟ್ರಿಗೆ ಗೊತ್ತಿಲ್ಲ.

ಆ 436ರ ಒಳಗೆ ಒಂದು ಪುಟ್ಟ ಸಂಸಾರವೇ ಇದೆ. ವಿಮಾ ಕಂಪನಿಗೆ 395, ಮಾಡಿಸಿಕೊಟ್ಟ ಏಜೆಂಟನಿಗೋ ಬ್ಯಾಂಕ್ ಮಿತ್ರನಿಗೋ 30, ಬ್ಯಾಂಕಿನ ಶ್ರಮಕ್ಕೆ 11. ಯಾವ ಶ್ರಮ ಎಂದು ಕೇಳಬಾರದು. ಕೇಳದೆ ಕತ್ತರಿಸುವುದೂ ಒಂದು ಶ್ರಮವೇ.

ಭಟ್ರಿಗೆ ಊರಿನಲ್ಲೂ ಒಂದು ಖಾತೆ ಇದೆ, ಬೇರೆ ಬ್ಯಾಂಕಿನದು. ಅಲ್ಲಿಯೂ 436 ಹೋಗಿತ್ತು. ‘ಹಾಗಾದ್ರೆ ನಾಲ್ಕು ಲಕ್ಷ!’ ಎಂದು ಒಂದು ಗಳಿಗೆ ಮುಖ ಅರಳಿತು. ಯೋಜನೆಯ ನಿಯಮಾವಳಿಯನ್ನು ಬರೆದವರಿಗೆ ಇಂಥ ದುರಾಸೆಯ ಮುನ್ಸೂಚನೆ ಇತ್ತು. ಎಷ್ಟು ಖಾತೆಯಿಂದ ಕಂತು ಹೋದರೂ ಪರಿಹಾರ ಎರಡೇ ಲಕ್ಷ. ಹೆಚ್ಚುವರಿ ಕಂತು ಮುಟ್ಟುಗೋಲಿಗೆ ಅರ್ಹ. ಯಂತ್ರ ಎರಡು ಸಲ ಕಿತ್ತುಕೊಂಡರೆ ತಪ್ಪು ಕಿತ್ತುಕೊಳ್ಳಿಸಿಕೊಂಡವನದು.

ನಿಲ್ಲಿಸೋಣವೆಂದು ಅವರ ಜೊತೆ ನಾನೂ ಬ್ಯಾಂಕಿಗೆ ಹೋದೆ. ಹೆಸರು ಬೇಡ, ಯಾವ ಬ್ಯಾಂಕಾದರೂ ಕೌಂಟರಿನ ಗಾಜು ಒಂದೇ ದಪ್ಪ. ‘ಇದು ನಮ್ಮ ಕೈಯಲ್ಲಿಲ್ಲ, ಸಿಸ್ಟಮ್ ಕತ್ತರಿಸುತ್ತದೆ’ ಎಂದರು. ಸಿಸ್ಟಮ್‌ಗೆ ಒಪ್ಪಿಗೆ ಕೊಟ್ಟ ಪತ್ರ ತೋರಿಸಿ ಎಂದರೆ, ಹಳೆಯ ರೆಕಾರ್ಡು, ಗೋಡೌನಿನಲ್ಲಿದೆ. ಹಾಗಾದರೆ ನಿಲ್ಲಿಸಿ ಎಂದರೆ ಅರ್ಜಿ ಬೇಕು, ಆಧಾರ್ ಜೆರಾಕ್ಸ್ ಬೇಕು, ಪ್ಯಾನ್ ಜೆರಾಕ್ಸ್ ಬೇಕು. ಎಲ್ಲ ಕೊಟ್ಟ ಮೇಲೆ ಕೌಂಟರಿನಾಕೆ ಪರದೆಯನ್ನೂ ಕಾಗದವನ್ನೂ ನೋಡಿ ತಲೆಯಲ್ಲಾಡಿಸಿದರು: ಸಹಿ ಹೊಂದುತ್ತಿಲ್ಲ. ವರ್ಷವರ್ಷವೂ ದುಡ್ಡು ತೆಗೆಯುವುದಕ್ಕೆ ಹೊಂದಿಕೊಂಡ ಸಹಿ, ಒಂದು ಸಲ ಬೇಡ ಅನ್ನುವುದಕ್ಕೆ ಹೊಂದಲಿಲ್ಲ.

ರಿಸರ್ವ್ ಬ್ಯಾಂಕು 2021ರ ಅಕ್ಟೋಬರ್ 1ರಿಂದ ಒಳ್ಳೆಯ ನಿಯಮವೊಂದನ್ನು ಜಾರಿಗೆ ತಂದಿದೆ: ತಾನೇತಾನಾಗಿ ದುಡ್ಡು ಕತ್ತರಿಸುವ 24 ಗಂಟೆ ಮೊದಲು ಗ್ರಾಹಕನಿಗೆ ತಿಳಿಸಬೇಕು, ಬೇಡವೆನ್ನಲು ದಾರಿ ಕೊಡಬೇಕು. ಅದು ಕಾರ್ಡು, ವಾಲೆಟ್, ಯುಪಿಐಗೆ. ನಿಮ್ಮ ಖಾತೆಯನ್ನು ಕಾಯುವ ಬ್ಯಾಂಕೇ ಕೈಹಾಕಿದರೆ ಅದರ ಲೆಕ್ಕ ಬೇರೆ. 2024ರ ನವೆಂಬರಿನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಇದೇ ಮುಂಬೈಯಲ್ಲಿ, ಬ್ಯಾಂಕುಗಳು ವಿಮೆಯನ್ನು ತಪ್ಪಾಗಿ ಮಾರುವುದರಿಂದ ಜನರ ಸಾಲದ ಖರ್ಚೂ ಏರುತ್ತದೆ ಎಂದು ಬ್ಯಾಂಕಿನವರ ಎದುರೇ ಹೇಳಿದರು. ಚಪ್ಪಾಳೆ ಬಿದ್ದಿರಬೇಕು.

ಬಟ್ಟೆ ಗಿರಣಿಗಳ ಕಾಲದಲ್ಲೂ ಪರೇಲಿನ ಕಾರ್ಮಿಕನ ಪಗಾರದಿಂದ ಇಎಸ್‌ಐ ಎಂಬ ವಿಮೆಗೆ ಕೇಳದೆಯೇ ಹಿಡಿಯುತ್ತಿದ್ದರು. ಆದರೆ ಆ ದುಡ್ಡಿನ ಆಸ್ಪತ್ರೆ, ಮಹಾತ್ಮ ಗಾಂಧಿ ಸ್ಮಾರಕ, ಇದೇ ಪರೇಲಿನಲ್ಲಿ ಕಣ್ಣೆದುರು ನಿಂತಿತ್ತು; ಬೈಯಲು ಒಂದು ಬಾಗಿಲಾದರೂ ಇತ್ತು. 1982ರ ಕಾರ್ಮಿಕರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಕಣ್ಣುಮುಚ್ಚಿದವು. ಆ ಜಾಗಗಳಲ್ಲಿ ಎದ್ದ ಗಾಜಿನ ಗೋಪುರಗಳಲ್ಲಿ ಈಗ ಹಣಕಾಸಿನ, ವಿಮೆಯ ಕಚೇರಿಗಳಿವೆ. ಅಲ್ಲಿ ಬೈಯಬೇಕಾದರೆ ಮೊದಲು ಒಂದನ್ನು ಒತ್ತಬೇಕು, ಆಮೇಲೆ ಒಂಬತ್ತನ್ನು ಒತ್ತಬೇಕು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ವಿಮೆ ಕೆಟ್ಟದ್ದಲ್ಲ. ತಿಂಗಳಿಗೆ ನಲವತ್ತು ರೂಪಾಯಿಗೂ ಕಡಿಮೆಗೆ ಎರಡು ಲಕ್ಷದ ಆಸರೆ ಬೇರೆಲ್ಲಿ ಸಿಗುತ್ತದೆ? ಹೋಟೆಲ್ ಹುಡುಗ ಲೋಕಲ್‌ನಿಂದ ಬಿದ್ದರೆ ಊರಿನ ಮನೆಗೆ ಅದು ದೊಡ್ಡ ದುಡ್ಡು. ತಕರಾರು ಇರುವುದು ಇಲ್ಲಿ: ಕೇಳಿ ಮಾಡಿಸಿದ್ದರೆ ಭಟ್ರಿಗೆ ಗೊತ್ತಿರುತ್ತಿತ್ತು, ಭಟ್ರು ಹೆಂಡತಿಗೆ ಹೇಳಿರುತ್ತಿದ್ದರು. ಈಗ ಭಟ್ರಿಗೇ ಗೊತ್ತಿಲ್ಲದ ವಿಮೆಯನ್ನು ಭಟ್ರು ಹೋದ ಮೇಲೆ ಕ್ಲೈಮ್ ಮಾಡುವವರು ಯಾರು? ಕಂತು ತಾನಾಗಿಯೇ ಹೋಗುತ್ತದೆ, ಪರಿಹಾರ ತಾನಾಗಿ ಬರುವುದಿಲ್ಲ. ಅದಕ್ಕೆ ಮರಣಪತ್ರ, ನಾಮಿನಿಯ ದಾಖಲೆ, ತುಂಬಿದ ಫಾರ್ಮು ಎಲ್ಲ ಬೇಕು. ಆ ಕಡೆಯ ಸಿಸ್ಟಮ್‌ಗೆ ಕೈಕಾಲಿಲ್ಲ. ವಿಮೆ ಇರುವುದು ಯಂತ್ರಕ್ಕೆ ಮಾತ್ರ ಗೊತ್ತಿದ್ದು, ಮನೆಯವರಿಗೆ ಗೊತ್ತಿಲ್ಲದಿದ್ದರೆ ಅದಕ್ಕಿಂತ ಲಾಭದ ವ್ಯಾಪಾರ ಯಾವುದಿದೆ?

ಹಾಗಾಗಿ, ಮೇ ತಿಂಗಳ ಕೊನೆಯ ವಾರದ ಎಂಟ್ರಿಯನ್ನು ಒಮ್ಮೆ ನೋಡಿ. ಬೇಡವಾದರೆ ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ. ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಿ, ಸಹಾಯವಾಣಿ 14448. ಇರಲಿ ಅನ್ನುವುದಾದರೆ ಒಂದೇ ಖಾತೆಯಲ್ಲಿ ಇಟ್ಟುಕೊಳ್ಳಿ, ನಾಮಿನಿ ಯಾರೆಂದು ಕೇಳಿ ತಿಳಿದುಕೊಳ್ಳಿ, ಮತ್ತು ಇವತ್ತೇ ಊರಿಗೆ ಫೋನ್ ಮಾಡಿ ಮನೆಯವರಿಗೆ ಹೇಳಿ.