ನಿಮ್ಮ ಬಾಣದ ಗುರುತು ಕೊಳೆಯುವುದಿಲ್ಲ ಸ್ವಾಮಿ

ಮಾನ್ಯ ನಕ್ಷೆ ತಜ್ಞರ ಸನ್ನಿಧಾನಕ್ಕೆ,

ಕೋಲಾರದ ಟೊಮೆಟೊ ತೋಟದಿಂದ ತಟ್ಟೆಗೆ ಹೋಗುವ ದಾರಿಯನ್ನು ತಾವು ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೀರಂತೆ. ಚೌಕಗಳು, ತ್ರಿಕೋನಗಳು, ನಡುವೆ ನೇರ ಬಾಣಗಳು. ನಮ್ಮ ರಸ್ತೆಗಳೂ ಅಷ್ಟು ನೇರವಿದ್ದಿದ್ದರೆ ಅರ್ಧ ಹಣ್ಣು ಉಳಿಯುತ್ತಿತ್ತು.

ಈ ನಕ್ಷೆ ಬರೆಯುವ ವಿದ್ಯೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಟೊಯೋಟಾದವರು ಕಾರಿಗೆಂದು ಪಳಗಿಸಿದ್ದು. ಆದರೆ ಕಾರು ಮೂರು ದಿನ ಬಿಸಿಲಲ್ಲಿ ನಿಂತರೂ ಬಂಪರ್ ಮೆತ್ತಗಾಗುವುದಿಲ್ಲ, ನೋಡಿ. ನಕ್ಷೆಯಲ್ಲಿ ತ್ರಿಕೋನವೆಂದರೆ ಸರಕು ಸುಮ್ಮನೆ ಕಾಯುವ ಜಾಗ. ತಮ್ಮ ಹಾಳೆಯಲ್ಲಿ ಅಂಥವು ಎರಡೇ ಇವೆ. ನಮ್ಮಲ್ಲೋ, ಕೊಯ್ದ ಹಣ್ಣು ಗಾಡಿಗಾಗಿ ಬದುವಿನ ಮೇಲೆ ಕಾಯುತ್ತದೆ, ಎಪಿಎಂಸಿ ಗೇಟಿನ ಮುಂದೆ ಕಾಯುತ್ತದೆ, ಹರಾಜಿಗೆ ಕಾಯುತ್ತದೆ, ಲಾರಿ ಭರ್ತಿಯಾಗಲೆಂದು ಮತ್ತೆ ಕಾಯುತ್ತದೆ. 15 ಕೆಜಿಯ ಕ್ರೇಟಿಗೆ ಅಂಚು ಮೀರಿ ತುಂಬಿ, ಅದರ ಮೇಲೆ ಇನ್ನೊಂದು ಕ್ರೇಟು ಹೇರಿದಾಗ ಮೇಲಿನ ಸಾಲು ಚಟ್ನಿಯಾಗುತ್ತದೆ. ಇದಕ್ಕೆ ತಮ್ಮಲ್ಲಿ ಯಾವ ಆಕಾರವಿದೆಯೋ ತಿಳಿಯದು. ಇನ್ನು ಪರಿಹಾರವೆಂದು ತಾವು ಬರೆದ ಕೋಲ್ಡ್ ಸ್ಟೋರೇಜ್! ಕಾಯಿ ಟೊಮೆಟೊವನ್ನು 10 ಡಿಗ್ರಿಗಿಂತ ಕೆಳಗೆ ಬಹಳ ದಿನ ಇಟ್ಟರೆ ಅದು ಹಣ್ಣಾಗುವುದನ್ನೇ ಮರೆಯುತ್ತದೆ.

ಹೀಗೆ ಹಾಳಾಗುವುದರ ಲೆಕ್ಕವೂ ಇದೆ. ಲೂಧಿಯಾನದ ಕೊಯ್ಲೋತ್ತರ ಸಂಶೋಧನಾ ಸಂಸ್ಥೆ ಸಿಫೆಟ್‌ನ 2015ರ ವರದಿಯಲ್ಲಿ ಟೊಮೆಟೊ ನಷ್ಟ ಶೇ. 12.44. ನಬಾರ್ಡ್‌ನ ಸಲಹಾ ಸಂಸ್ಥೆ ನಬ್ಕಾನ್ಸ್‌ನ 2022ರ ವರದಿಯಲ್ಲಿ ಶೇ. 11.61. ನಡುವೆ 2018ರಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆಗೆಂದೇ 500 ಕೋಟಿಯ ‘ಆಪರೇಷನ್ ಗ್ರೀನ್ಸ್’ ಘೋಷಣೆಯಾಗಿತ್ತು. ಎಷ್ಟು ವೇಗ!

ಇದೂ ಕೊಯ್ದ ಹಣ್ಣಿನ ಲೆಕ್ಕ ಮಾತ್ರ. ದರ ಕುಸಿದಾಗ ಕೊಯ್ಯುವ ಕೂಲಿಯೂ ಹುಟ್ಟದೆ ರೈತ ತೋಟಕ್ಕೆ ದನ ಬಿಡುತ್ತಾನಲ್ಲ, ಆ ಹಣ್ಣು ಗಾಡಿ ಹತ್ತಲೇ ಇಲ್ಲ; ಹಾಗಾಗಿ ತಮ್ಮ ನಕ್ಷೆಯ ಮೊದಲ ಚೌಕಕ್ಕೂ ಬರಲಿಲ್ಲ. ಶೂನ್ಯ ನಷ್ಟ, ಅಭಿನಂದನೆಗಳು.

2023ರ ಜುಲೈ ನೆನಪಿದೆಯೇ? ಕೋಲಾರದಲ್ಲಿ ಕ್ರೇಟಿಗೆ 2,000 ರೂಪಾಯಿ ದಾಟಿತ್ತು. ಬೆಳೆದವರು ರಾತ್ರಿಯಿಡೀ ತೋಟ ಕಾದರು. ಅದೇ ರಸ್ತೆ, ಅದೇ ಲಾರಿ, ಅದೇ ಹಮಾಲರು. ಆದರೂ ಹಣ್ಣನ್ನು ಮೊಟ್ಟೆಯಂತೆ ಎತ್ತಿಡುವ ಕಲೆ ಎಲ್ಲರಿಗೂ ಒಮ್ಮೆಲೇ ಒಲಿದುಬಿಟ್ಟಿತು. ಅದನ್ನು ಯಾವ ತರಬೇತಿ ಶಿಬಿರವೂ ಕಲಿಸಿರಲಿಲ್ಲ, ದರ ಕಲಿಸಿತ್ತು. ತಮ್ಮ ಹಾಳೆಯಲ್ಲಿ ದರಕ್ಕೆ ಮಾತ್ರ ಚೌಕವಿಲ್ಲ. ಹಣ್ಣು ಕೊಳೆತರೆ ಆ ದುಡ್ಡು ಯಾರ ಜೇಬಿನಿಂದ ಹೋಗುತ್ತದೆ ಎಂಬುದಕ್ಕಂತೂ ಒಂದು ಚುಕ್ಕಿಯೂ ಇಲ್ಲ. ನಷ್ಟ ತನ್ನದಲ್ಲ ಎಂದು ಗೊತ್ತಿರುವವನು ಕ್ರೇಟನ್ನು ಏಕೆ ಮೆಲ್ಲಗೆ ಇಳಿಸಬೇಕು?

ಆದ್ದರಿಂದ ವಿನಂತಿ: ಹಾಳೆ ಕಿತ್ತು ತನ್ನಿ, ಬೆಳಗಿನ ಹರಾಜಿನ ಹೊತ್ತಿಗೆ ಮಂಡಿಗೆ ಬನ್ನಿ. ಪ್ರತಿ ಚೌಕದ ಕೆಳಗೆ ಎರಡೇ ಸಾಲು ಬರೆದರೆ ಸಾಕು: ಇಲ್ಲಿ ಎಷ್ಟು ಗಂಟೆ ಕಾಯಿತು, ಕೊಳೆತದ್ದಕ್ಕೆ ದುಡ್ಡು ಕಳೆದುಕೊಂಡವರು ಯಾರು. ಮೊದಲ ಚೌಕವನ್ನು ದನ ಮೇಯುವ ತೋಟದಲ್ಲೇ ಬರೆಯಿರಿ. ಪೆನ್ಸಿಲ್ ನಾವೇ ಕೊಡುತ್ತೇವೆ.

ಇಂತಿ ತಮ್ಮ ವಿಧೇಯ,
ನಕ್ಷೆಯಲ್ಲಿ ಕಾಣದ ಒಬ್ಬ ಬೆಳೆಗಾರ