ಗೈಡು-ಕಾಲುವೆ ಸಿದ್ಧಾಂತ: ಆರ್ಥಿಕ ಇತಿಹಾಸದ ತರಗತಿ ಇಲ್ಲದಿದ್ದರೆ ಆಗುವ ನಷ್ಟದ ಲೆಕ್ಕ

1892ರಲ್ಲಿ ಹಾರ್ವರ್ಡಿನಲ್ಲಿ ವಿಲಿಯಂ ಆಶ್ಲಿ ಆರ್ಥಿಕ ಇತಿಹಾಸದ ಪ್ರಾಧ್ಯಾಪಕ ಪೀಠವೇರಿದಂದಿನಿಂದ ಈ ಶಾಸ್ತ್ರ ಗೋಧಿಯ ಬೆಲೆ, ಗಾರೆಯವರ ಕೂಲಿ, ಹಡಗಿನ ಬಾಡಿಗೆ ಎಲ್ಲವನ್ನೂ ಅಳೆದಿದೆ. ಅಳೆಯದೆ ಬಿಟ್ಟದ್ದು ತನ್ನ ತರಗತಿಯನ್ನು ಮಾತ್ರ. ಅದಕ್ಕೆ ಹೊಸ ವಿಧಾನವೇನೂ ಬೇಡ. ರಾಬರ್ಟ್ ಫೋಗೆಲ್ 1964ರಲ್ಲಿ ಅಮೆರಿಕದ ರೈಲಿಗೆ ಹಚ್ಚಿದ ಲೆಕ್ಕವೇ ಸಾಕು. ರೈಲಿಲ್ಲದೆ ಅಮೆರಿಕ ಉದ್ಧಾರವಾಗುತ್ತಿರಲಿಲ್ಲ ಎಂದು ಎಲ್ಲರೂ ಹೇಳುತ್ತಿದ್ದಾಗ, 1890ರ ಅಮೆರಿಕದಿಂದ ರೈಲನ್ನು ತೆಗೆದೇ ನೋಡೋಣ ಎಂದು ಅವರು ಹೊರಟರು. ಕಾಗದದ ಮೇಲೆ 5,000 ಮೈಲಿ ಹೊಸ ಕಾಲುವೆ ತೋಡಿದರು. ದವಸವನ್ನು ದೋಣಿಗೂ ಕುದುರೆಗಾಡಿಗೂ ಹೇರಿದರು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ಸರಕು ಕೂಡಿಡುವ ಖರ್ಚನ್ನೂ ಬಿಡದೆ ಬರೆದುಕೊಂಡರು. ಕೃಷಿ ಸರಕಿನ ಮಟ್ಟಿಗೆ ನಷ್ಟ ರಾಷ್ಟ್ರೀಯ ಉತ್ಪನ್ನದ ಶೇ. 3ರ ಆಸುಪಾಸಿಗೆ ಬಂದು ನಿಂತಿತು. 1993ರಲ್ಲಿ ಡಗ್ಲಸ್ ನಾರ್ತ್ ಜೊತೆ ನೊಬೆಲ್ ಹಂಚಿಕೊಂಡರು. (ಕಾಗದದಲ್ಲಷ್ಟೇ ಕಾಲುವೆ ತೋಡಿದ ನಮ್ಮ ಕಡೆಯ ಗುತ್ತಿಗೆದಾರರಿಗೆ ಸಿಗುವುದು ತನಿಖೆ.)

ಈಗ ಎಂ.ಎ. ತರಗತಿಯಿಂದ ಮೇಷ್ಟರನ್ನು ತೆಗೆಯೋಣ, ಲೆಕ್ಕಕ್ಕೆ ಮಾತ್ರ. ಪಾಠ ರೈಲಾದರೆ ಕಾಲುವೆ ಯಾವುದು? ಗೈಡು. ಸೀನಿಯರ್‌ಗಳ ನೋಟ್ಸು ಕುದುರೆಗಾಡಿ. ಅಂಚು ಕಪ್ಪಾಗಿ, ಪ್ರತಿ ಪುಟದ ಕೊನೆಯ ಸಾಲು ಕತ್ತರಿಸಿಹೋದ ಜೆರಾಕ್ಸು ಅದು. ಸಾಗಬೇಕಾದ ಸರಕೂ ವರ್ಷ ವರ್ಷ ಬದಲಾಗುವುದಿಲ್ಲ. ದಾದಾಭಾಯಿ ನವರೋಜಿ 1901ರಲ್ಲಿ ಪುಸ್ತಕವಾಗಿಸಿದ ಸಂಪತ್ತಿನ ಸೋರಿಕೆಯ ವಾದ ಪ್ರಶ್ನೆಪತ್ರಿಕೆಯಿಂದ ಮಾತ್ರ ಇನ್ನೂ ಸೋರಿಹೋಗಿಲ್ಲ. ಇಂಥ ಸ್ಥಿರತೆಯನ್ನು ಶಾಸ್ತ್ರವೇ ಒಪ್ಪುತ್ತದೆ: ಆಂಗಸ್ ಮ್ಯಾಡಿಸನ್ ಅಂದಾಜಿನಲ್ಲಿ ಕ್ರಿ.ಶ. 1ರ ಭಾರತೀಯನ ತಲಾ ಆದಾಯ 450 ಡಾಲರು, 1000ನೇ ಇಸವಿಯಲ್ಲೂ 450. ಸಾವಿರ ವರ್ಷ ಆದಾಯವೇ ಮಿಸುಕದ ಮೇಲೆ ಹಳೇ ಟಿಪ್ಪಣಿ ಹಳದಿಯಾಯಿತೆಂದು ದೂರುವುದು ಶಾಸ್ತ್ರದ್ರೋಹ. ಹೀಗಾಗಿ ಪಾಠವಿಲ್ಲದಿದ್ದರೂ ಸರಕು ಪರೀಕ್ಷಾ ಕೊಠಡಿ ಮುಟ್ಟುತ್ತದೆ, ನಷ್ಟ ಶೇ. 3ಕ್ಕೂ ಕೆಳಗೇ ಇದ್ದೀತು.

ಆಕ್ಷೇಪಗಳಿವೆ. ಇದ್ದ ಸರಕೆಲ್ಲ ಒಮ್ಮೆಲೇ ಕಾಲುವೆಗೆ ಬಿದ್ದರೆ ಬಾಡಿಗೆ ಏರದೆ ಇರುತ್ತಿತ್ತೇ ಎಂದು ಫೋಗೆಲ್‌ರನ್ನು ವಿಮರ್ಶಕರು ಕೇಳಿದರು. ನಮ್ಮಲ್ಲೂ ಪರೀಕ್ಷೆಯ ಹಿಂದಿನ ಸಂಜೆ ಜೆರಾಕ್ಸು ಅಂಗಡಿ ಮುಂದೆ ಸಾಲು ಬೆಳೆಯುತ್ತದೆ. ಆದರೆ ಪುಟದ ದರ ಏರುವುದಿಲ್ಲ, ಅಕ್ಷರ ಸಣ್ಣದಾಗುತ್ತದೆ ಅಷ್ಟೆ. ಎರಡನೆಯದು ಗಟ್ಟಿ ಆಕ್ಷೇಪ: ಫೋಗೆಲ್ ಸರಕನ್ನು ಎಣಿಸಿದರು, ಪ್ರಯಾಣಿಕರನ್ನು ಬಿಟ್ಟರು. ತರಗತಿಯಲ್ಲಿ ಸರಕಿಗಿಂತ ಪ್ರಯಾಣಿಕರೇ ಹೆಚ್ಚು, ಅದರಲ್ಲೂ ಮಧ್ಯಾಹ್ನ ಎರಡರ ಪಾಠದಲ್ಲಿ ಬಹುಪಾಲು ಸ್ಲೀಪರ್ ಕೋಚಿನವರು. ಅಂಥ ನಿದ್ದೆಯನ್ನು ಯಾವ ಗೈಡೂ ಕೊಡಲಾರದು. ಈ ಬಾಬ್ತನ್ನು ನಷ್ಟಕ್ಕೆ ಸೇರಿಸಲು ಒಪ್ಪಿದ್ದೇವೆ. ಮೇಷ್ಟರಿಲ್ಲದೆ ಪ್ರಶ್ನೆಪತ್ರಿಕೆ ತೆಗೆಯುವವರು ಯಾರು ಎಂಬುದು ಮೂರನೆಯದು. ಗೈಡಿನಲ್ಲಿ ನಕ್ಷತ್ರ ಹಾಕಿದ ಪ್ರಶ್ನೆಗಳೇ ಪತ್ರಿಕೆಯಲ್ಲೂ ಬರುವುದರಿಂದ, ಯಾರು ಯಾರನ್ನು ನೋಡಿ ಬರೆದರೆಂಬ ಕಾರಣ-ಪರಿಣಾಮದ ಚರ್ಚೆಯನ್ನು ಬೇರೊಂದು ಪ್ರಬಂಧಕ್ಕೆ ಮೀಸಲಿಟ್ಟಿದ್ದೇವೆ.

ಉಳಿದದ್ದು ಶೇ. 75ರ ಹಾಜರಿ. ಇದಕ್ಕೆ ಬದಲಿ ಕಾಲುವೆ ಸಿದ್ಧಾಂತದಲ್ಲಿಲ್ಲ, ಗೆಳೆಯನ ದನಿಯಲ್ಲಿ “ಎಸ್ ಸಾರ್” ಎನ್ನುವುದೊಂದೇ ಇದೆ. ಆ ದತ್ತಾಂಶದ ವಿಶ್ವಾಸಾರ್ಹತೆಯನ್ನು ಮೇಷ್ಟರು ತಲೆಯೆತ್ತಿದಾಗಲೆಲ್ಲ ಪರಿಷ್ಕರಿಸಬೇಕಾಗುತ್ತದೆ.